ಹೊನಲು ಬೆಳಕಿನ ಲೆಕ್ಕ

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ರಾತ್ರಿ ಕಬಡ್ಡಿ ಇಟ್ಟರೆ ಫ್ಲೆಕ್ಸ್ ಮೇಲೆ ಒಂದು ಸಾಲು ತಪ್ಪದೇ ಬರುತ್ತದೆ: ‘ಹೊನಲು ಬೆಳಕಿನ ಭವ್ಯ ಕಬಡ್ಡಿ ಪಂದ್ಯಾವಳಿ’. ಹೊನಲು ಅಂದರೆ ಪ್ರವಾಹ. ಫ್ಲಡ್‌ಲೈಟಿಗೆ ಇದಕ್ಕಿಂತ ಚೆಂದದ ಕನ್ನಡ ನಾನಂತೂ ಕೇಳಿಲ್ಲ. ಆದರೆ ಅಂಕಣದ ಹತ್ತಿರ ಹೋಗಿ ನೋಡಿದರೆ ನಾಲ್ಕು ಮೂಲೆಗೆ ನಾಲ್ಕು ಕಂಬ, ಕಂಬಕ್ಕೆ ಎರಡೆರಡು ದೀಪ, ದೀಪಕ್ಕೆ ಮುತ್ತಿದ ಹುಳ. ಬೇಸಿಗೆಯ ಕಾಲುವೆಯನ್ನು ಹೊಳೆ ಅಂದಹಾಗೆ ಇದು.

ನೋಡುವವರಿಗೆ ಅಷ್ಟು ಬೆಳಕು ಸಾಕು. ಮನುಷ್ಯನ ಕಣ್ಣು ಹತ್ತು ನಿಮಿಷ ಕತ್ತಲಲ್ಲಿ ಕೂತರೆ ಹೊಂದಿಕೊಂಡುಬಿಡುತ್ತದೆ. ರೇಡರ್ ಬೋನಸ್ ಗೆರೆ ಮುಟ್ಟಿದನೋ ಇಲ್ಲವೋ ಅಂತ ಜಗಳ ತೆಗೆಯುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ಮಾತ್ರ ಆ ಅಂಕಣ ಹೆಚ್ಚುಕಡಿಮೆ ಕತ್ತಲೆ.

ಈ ವಿಷಯ ಬಂದದ್ದು ನಮ್ಮ ಅಕ್ಕನ ಮಗನಿಂದ. ಕಬ್ಬೂರಿನಲ್ಲೇ ಇರುತ್ತಾನೆ. ಮದುವೆ ಸೀಜನ್ನಿನಲ್ಲಿ ಫೋಟೋದವರ ಕೈಕೆಳಗೆ ದುಡಿಯುತ್ತಾನೆ, ಉಳಿದ ದಿನ ಹೊಲ. ಅವನ ಹತ್ತಿರ ಹಳೆಯ ನಿಕಾನ್ ಡಿ5300 ಇದೆ, ಜೊತೆಗೆ ಡಬ್ಬಿಯಲ್ಲೇ ಬಂದ ಎರಡು ಲೆನ್ಸು. ಒಂದು ದಿನ ಫೋನು ಮಾಡಿದ.

“ಮಾಮಾ, ಕಬ್ಬಿನ ಬಿಲ್ಲ ಬಂದೈತ್ರಿ. ಅಪ್ಪ ಒಂದ ಲಕ್ಷ ಮೂವತ್ತ ಸಾವಿರ ಕೊಡ್ತೇನಿ ಅಂದಾನ. ರಾತ್ರಿ ಮ್ಯಾಚ್ ತಗ್ಯಾಕ ಯಾವ ಕ್ಯಾಮೆರಾ ಚಲೋ ಹೇಳ್ರಿ.”

“ಅಂಗಡ್ಯಾಗ ಏನಂದ್ರು?”

“ಫುಲ್ ಫ್ರೇಮ್ ಮಿರರ್‌ಲೆಸ್ ತೊಗೊ ಅಂದ್ರ. ಕಿಟ್ ಲೆನ್ಸ್ ಕೂಡೇ ಬರತೈತಂತ.”

ಅಂಗಡಿಯವರದು ಸುಳ್ಳೇನೂ ಅಲ್ಲ. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೂ ಇದೇ ಸಲಹೆ ಕೊಡುತ್ತಾರೆ. ಮೊದಲು ಒಳ್ಳೆ ಬಾಡಿ, ಲೆನ್ಸು ಆಮೇಲೆ ನೋಡಿದರಾಯಿತು. ಹಗಲಿಗೆ, ಪ್ರವಾಸಕ್ಕೆ, ಮಗುವಿನ ಹುಟ್ಟುಹಬ್ಬಕ್ಕೆ ಈ ಸಲಹೆ ನಡೆಯುತ್ತದೆ. ರಾತ್ರಿ ಆಟಕ್ಕೆ ಇದು ಉಲ್ಟಾ.

ಒಂದು ಲಕ್ಷ ಮೂವತ್ತು ಸಾವಿರ ನಮ್ಮಂಥವರಿಗೆ ಒಂದು ಇಎಮ್ಐ ಆಯ್ಕೆ. ಅಕ್ಕನ ಮನೆಯಲ್ಲಿ ಅದು ವರ್ಷಕ್ಕೊಮ್ಮೆ ಬರುವ ದುಡ್ಡು. ಗೊಬ್ಬರದ ಅಂಗಡಿ ಬಾಕಿ ತೀರಿಸಿ, ಸೊಸೈಟಿ ಸಾಲ ಕಟ್ಟಿ, ಉಳಿದದ್ದರಲ್ಲಿ ಮಗನಿಗೆ ಅಂತ ತೆಗೆದಿಟ್ಟದ್ದು. ಹೀಗಾಗಿ ‘ರಿವ್ಯೂ ನೋಡಿ ಹೇಳ್ತೀನಿ’ ಅಂದು ಫೋನ್ ಇಡುವ ಹಾಗಿರಲಿಲ್ಲ.

ಮದುವೆ ಫೋಟೋ ಬಿಟ್ಟು ಕಬಡ್ಡಿಗೆ ಯಾಕೆ ಬಿದ್ದ ಅಂದರೆ, ನಮ್ಮ ಕಡೆ ಆಡುವ ಹುಡುಗರ ಆಟದ ಫೋಟೋ ಯಾರ ಹತ್ತಿರವೂ ಇಲ್ಲ. ಮ್ಯಾಚಿನ ಮರುದಿನ ತಾಲೂಕು ಪುಟದಲ್ಲಿ ಬರುವುದು ಬಹುಮಾನ ವಿತರಣೆ. ಶಾಲು ಹೊದ್ದ ಅತಿಥಿಗಳು ಮುಂದೆ, ಆಡಿ ಗೆದ್ದವರು ಹಿಂದೆ, ಅದೂ ಅರ್ಧ ತಲೆ. ನಮ್ಮ ಅಜ್ಜ ಕುಸ್ತಿ ಆಡಿದವ. ಮನೆಯಲ್ಲಿ ಅವನದೊಂದೇ ಫೋಟೋ: ಸ್ಟುಡಿಯೋ ಪರದೆ ಮುಂದೆ ಪಟಕಾ ಸುತ್ತಿಕೊಂಡು, ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾನೆ. ಅಂಥವರನ್ನ ಎತ್ತಿ ಒಗೆದ, ಇಂಥವರ ಮೇಲೆ ಢಾಕ ಹಾಕಿದ ಅನ್ನುವುದೆಲ್ಲ ಬಾಯಿಮಾತು. ಆ ಕಾಲದಲ್ಲಿ ಸಂಜೆ ಬೆಳಕಿನಲ್ಲಿ ಕುಸ್ತಿಯನ್ನು ಹಿಡಿಯಬಲ್ಲ ಕ್ಯಾಮೆರಾ ಊರ ಸುತ್ತ ಇರಲಿಲ್ಲ. ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ, ಆದರೂ ರಾತ್ರಿಯ ಆಟ ಅಜ್ಜನ ಕುಸ್ತಿಯ ಹಾಗೇ ಬಾಯಿಮಾತಾಗಿ ಉಳಿದಿದೆ. ಫೋನಿನ ನೈಟ್ ಮೋಡ್ ಹಲವಾರು ಫ್ರೇಮುಗಳನ್ನು ಒಂದರ ಮೇಲೊಂದು ಸೇರಿಸಿ ಬೆಳಕು ಮಾಡಿಕೊಳ್ಳುತ್ತದೆ. ಗುಡಿಯ ಗೋಪುರ ನಿಂತಲ್ಲೇ ನಿಂತಿರುತ್ತದೆ, ಚೆಂದ ಬರುತ್ತದೆ. ರೇಡರ್ ನಿಲ್ಲುವುದಿಲ್ಲ, ಅವನು ದೆವ್ವದ ಹಾಗೆ ಬರುತ್ತಾನೆ.

ಸಾಫ್ಟ್‌ವೇರಿನಲ್ಲಿ ನಾವು ಮಾಡುವ ಕೆಲಸವನ್ನೇ ಇಲ್ಲಿ ಮಾಡಬೇಕು. ಏನು ಬೇಕೋ ಅದನ್ನು ಮೊದಲು ಬರೆದುಕೊಂಡು ಅಲ್ಲಿಂದ ಹಿಂದಕ್ಕೆ ನಡೆಯುವುದು. ಫೋಟೋದ ಹೊಳಪು ನಿರ್ಧರಿಸುವುದು ನಾಲ್ಕು ಸಂಗತಿ: ಅಲ್ಲಿರುವ ಬೆಳಕು, ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಲೆನ್ಸಿನ ಬಾಯಿ ಎಷ್ಟು ದೊಡ್ಡದು, ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ, ಅಂದರೆ ಐಎಸ್‌ಒ. ಇದರಲ್ಲಿ ಶಟರ್ ನಮ್ಮ ಕೈಯಲ್ಲಿಲ್ಲ, ಅದು ಆಟಗಾರನ ಕೈಯಲ್ಲಿದೆ. ರೇಡರ್ ಗಿರಕಿ ಹೊಡೆದು ಗೆರೆಗೆ ಜಿಗಿಯುವಾಗ 1/500 ಸೆಕೆಂಡು ಕನಿಷ್ಠ. ಅದಕ್ಕೂ ಕೈಬೆರಳು ಸ್ವಲ್ಪ ಅಲುಗಿದ ಹಾಗೆ ಬರುತ್ತದೆ, 1/800 ಇದ್ದರೆ ನಿಶ್ಚಿಂತೆ. ಬೆಳಕು ಪಂಚರ ಕೈಯಲ್ಲಿದೆ. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುವುದು ಉಳಿದ ಎರಡೇ: ಲೆನ್ಸಿನ ಬಾಯಿ ಮತ್ತು ಐಎಸ್‌ಒ. ಯಾವುದಕ್ಕೆ ಎಷ್ಟು ದುಡ್ಡು ಅನ್ನುವುದೇ ಪ್ರಶ್ನೆ.

ಅಳಿಯನಿಗೆ ಹೇಳಿದೆ, “ರೊಕ್ಕ ಹಂಗ ಇರ್ಲಿ. ಇವತ್ತ ರಾತ್ರಿ ಹುಡುಗ್ರು ಪ್ರ್ಯಾಕ್ಟೀಸ್ ಮಾಡು ಮುಂದ ನಿನ್ನ ಹಳೇ ಕ್ಯಾಮೆರಾ ತೊಗೊಂಡ ಹೋಗು. ಮ್ಯಾನುಯಲ್ ಇಡು. ಐಎಸ್‌ಒ 3200, ಎಫ್ 5.6. ಶಟರ್ ಎಷ್ಟಕ್ಕ ಇಟ್ರ ಫೋಟೋ ಬೆಳ್ಳಗ ಬರತೈತಿ ಅಷ್ಟ ಬರಕೊಂಡ ಬಾ.”

ಮರುದಿನ ಬೆಳಿಗ್ಗೆ ಉತ್ತರ ಬಂತು. ಅಂಕಣದ ನಡುವೆ 1/60. ಮೂಲೆಗೆ ಹೋದರೆ 1/30.

ಇಷ್ಟು ಗೊತ್ತಾದರೆ ಉಳಿದದ್ದು ಬಾಯಿಲೆಕ್ಕ. 1/60 ಇಂದ 1/500ಕ್ಕೆ ಹೋಗಬೇಕಾದರೆ ಬೆಳಕು ಮೂರು ಸಲ ಅರ್ಧ ಆಗುತ್ತದೆ. ಫೋಟೋದವರ ಭಾಷೆಯಲ್ಲಿ ಮೂರು ಸ್ಟಾಪ್. ಅದನ್ನು ಐಎಸ್‌ಒದಲ್ಲಿ ತುಂಬಬೇಕಾದರೆ 3200 ಇದ್ದದ್ದು 6400, 12800, ಕೊನೆಗೆ 25600. ಮೂಲೆಯಲ್ಲಿ 51200. ಡಿ5300 ಅಲ್ಲಿಗೆ ತಲುಪುವಷ್ಟರಲ್ಲಿ ಮುಖದ ಮೇಲೆ ಜೋಳದ ನುಚ್ಚು ಚೆಲ್ಲಿದ ಹಾಗಾಗುತ್ತದೆ.

ಈಗ ಅಂಗಡಿಯವರ ದಾರಿ ನೋಡೋಣ. ಫುಲ್ ಫ್ರೇಮ್ ಸೆನ್ಸರ್ ಅಳಿಯನ ಕ್ಯಾಮೆರಾದ ಸೆನ್ಸರಿಗಿಂತ ಸುಮಾರು 2.3 ಪಟ್ಟು ದೊಡ್ಡದು. ಒಂದೇ ತಲೆಮಾರಿನ ಸೆನ್ಸರುಗಳಾದರೆ ಇದರ ಲಾಭ ಸುಮಾರು ಒಂದೂಕಾಲು ಸ್ಟಾಪ್. ಹೊಸ ತಂತ್ರಜ್ಞಾನಕ್ಕೆ ಇನ್ನೊಂದಿಷ್ಟು ಸೇರಿಸಿ. ಅದರ ಮುಂದೆ ಕಿಟ್ ಲೆನ್ಸು ಹಾಕಿ ಜೂಮ್ ಮಾಡಿದರೆ ಮತ್ತೆ ಎಫ್ 5.6ಕ್ಕೋ ಅದಕ್ಕಿಂತ ಕಿರಿದಾದ ಬಾಯಿಗೋ ಬಂದು ನಿಲ್ಲುತ್ತೇವೆ. ಅದೇ 25600.

ಲೆನ್ಸಿನ ದಾರಿ ಹೀಗೆ. ಎಫ್ 5.6 ಇಂದ 2.8ಕ್ಕೆ ಬಂದರೆ ಎರಡು ಸ್ಟಾಪ್, ಐಎಸ್‌ಒ 6400 ಸಾಕು. ಎಫ್ 1.8ಕ್ಕೆ ಬಂದರೆ ಇನ್ನೂ ಒಂದೂಕಾಲು ಸ್ಟಾಪಿನ ಮೇಲೆ ಚೂರು, ಐಎಸ್‌ಒ 2500ರ ಹತ್ತಿರ. ಅಂದರೆ ಬಾಡಿ ಬದಲಿಸಿದರೆ ಒಂದೂಕಾಲು, ಲೆನ್ಸು ಬದಲಿಸಿದರೆ ಮೂರಕ್ಕಿಂತ ಹೆಚ್ಚು. ನಿಕಾನಿನ 50 ಎಂಎಂ ಎಫ್ 1.8 ಹತ್ತು–ಹದಿನೈದು ಸಾವಿರದ ಲೆನ್ಸು, ಸೆಕೆಂಡ್ ಹ್ಯಾಂಡ್ ಇನ್ನೂ ಕಡಿಮೆ. ಫುಲ್ ಫ್ರೇಮ್ ಬಾಡಿ ಎಷ್ಟು ಅಂತ ನಿಮಗೆ ಗೊತ್ತಿದೆ.

ಇಲ್ಲಿ ಬಾಡಿಯನ್ನು ಹೀನಾಯ ಮಾಡುವುದೂ ಸರಿಯಲ್ಲ. ಫಿಲ್ಮ್ ಕಾಲದ ಪತ್ರಿಕಾ ಛಾಯಾಗ್ರಾಹಕರು ಕೊಡಾಕ್ ಟ್ರೈ-ಎಕ್ಸ್ 400 ಫಿಲ್ಮನ್ನು ಡೆವಲಪ್ ಮಾಡುವಾಗ ಹೆಚ್ಚು ಹೊತ್ತು ಇಟ್ಟು 1600ಕ್ಕೆ ಎಳೆದು ರಾತ್ರಿ ಆಟ ತೆಗೆಯುತ್ತಿದ್ದರು. ಕಾಳು ಕಾಳಾಗಿ ಬಂದರೂ ಅದೇ ದೊಡ್ಡದು. 2007ರಲ್ಲಿ ನಿಕಾನ್ ಡಿ3 ಬಂದು 6400 ಅನ್ನುವುದನ್ನು ದಿನಬಳಕೆಯ ಅಂಕಿ ಮಾಡಿತು. ಅದು ಆಗ ಪತ್ರಿಕೆ, ಏಜೆನ್ಸಿಯವರ ಕೈಗೆ ಮಾತ್ರ ಎಟುಕುವ ಕ್ಯಾಮೆರಾ. ಆ ಮಟ್ಟದ 6400 ಈಗ ಹಳ್ಳಿಯ ಹುಡುಗನಿಗೂ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ಅದಕ್ಕೇ ನಾನು ಅನ್ನುವುದು, ಕಳೆದ ಹತ್ತು ವರ್ಷದ ಯಾವ ಗಂಭೀರ ಬಾಡಿಯಾದರೂ 6400ರ ತನಕ ನಮ್ಮ ಕೆಲಸ ಮಾಡಿಕೊಡುತ್ತದೆ. ಲೆನ್ಸು ನಮ್ಮನ್ನು ಆ 6400ರ ಒಳಗೆ ಇಡಬೇಕು.

ಜಾಹೀರಾತಿನಲ್ಲಿ ಇನ್ನೊಂದು ಮಾತಿರುತ್ತದೆ: ಐದು ಸ್ಟಾಪ್, ಎಂಟು ಸ್ಟಾಪ್ ಸ್ಟೆಬಿಲೈಸೇಶನ್. ಕತ್ತಲಲ್ಲಿ ಫೋಟೋ ಅಂದಕೂಡಲೇ ಸೇಲ್ಸ್‌ನವರು ಇದನ್ನೇ ತೋರಿಸುತ್ತಾರೆ. ಅದು ನಿಮ್ಮ ಕೈ ನಡುಕ ತಡೆಯುತ್ತದೆ. ರೇಡರ್ ಕಾಲು ಹಿಡಿದು ನಿಲ್ಲಿಸಲು ಅದಕ್ಕೆ ಬರುವುದಿಲ್ಲ, ಅದಕ್ಕೆ ಕ್ಯಾಚರೇ ಬೇಕು. 1/500ರಲ್ಲಿ ತೆಗೆಯುವವನಿಗೆ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೇ. ಹಾಗೆಯೇ ‘ಮೈನಸ್ ಆರೂವರೆ ಇವಿ ಕತ್ತಲಲ್ಲೂ ಫೋಕಸ್’ ಅನ್ನುವ ಅಂಕಿ. 2020ರ ಕ್ಯಾನನ್ ಆರ್6ಗೆ ಅದನ್ನು ಹೇಳಿದ್ದು ಎಫ್ 1.2 ಲೆನ್ಸು ಹಾಕಿದ ಲೆಕ್ಕದಲ್ಲಿ. ಕಿಟ್ ಲೆನ್ಸು ಹಾಕಿ ಆ ಅಂಕಿಯನ್ನು ನಂಬಿಕೊಂಡು ಕೂರಬಾರದು. ನೋಡಿ, ಫೋಕಸ್ಸಿಗೂ ಮತ್ತೆ ಲೆನ್ಸಿನ ಬಾಯಿಗೇ ಬಂದೆವು.

ಆದರೆ ಬಾಡಿಯಲ್ಲಿ ಒಂದು ಗುಣ ಮಾತ್ರ ಹುಡುಕಿಯೇ ತೆಗೆದುಕೊಳ್ಳಬೇಕು. ಯೂಟ್ಯೂಬಿನಲ್ಲಿ ಯಾರೂ ಇದನ್ನು ಮೊದಲು ಹೇಳುವುದಿಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಳೆಯ ಮೆಟಲ್ ಹ್ಯಾಲೈಡ್ ದೀಪ, ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಇವೆಲ್ಲ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/100 ಶಟರಿನಲ್ಲಿ ಒಂದು ಪೂರ್ತಿ ಏರಿಳಿತ ಒಳಗೆ ಬರುವುದರಿಂದ ಗೊತ್ತಾಗುವುದಿಲ್ಲ. 1/500ರಲ್ಲಿ ಆ ಅಲೆಯ ಐದರಲ್ಲೊಂದು ಪಾಲು ಮಾತ್ರ ಸಿಗುತ್ತದೆ. ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಮಬ್ಬು, ಅದರ ಮುಂದಿನದು ಹಳದಿ. ಸರಿಯಾದ ಕ್ಷಣ ಬಿದ್ದದ್ದು ಮಬ್ಬಿನ ಫ್ರೇಮಿಗೇ ಆಗಿರುತ್ತದೆ, ನಮ್ಮ ಪುಣ್ಯಕ್ಕೆ.

ಇದಕ್ಕೆ ಮದ್ದು ಆಂಟಿ-ಫ್ಲಿಕರ್. ಕ್ಯಾಮೆರಾ ದೀಪದ ಏರಿಳಿತ ಅಳೆದು, ಏರಿದ ತುದಿಯಲ್ಲೇ ಶಟರ್ ತೆರೆಯುವ ಹಾಗೆ ತುಸು ತಡೆದು ಹೊಡೆಯುತ್ತದೆ. 2014ರ ಕ್ಯಾನನ್ 7ಡಿ ಮಾರ್ಕ್ 2ರಿಂದ ಇದು ಬಂತು. ನಿಕಾನಿನಲ್ಲಿ 2016ರ ಡಿ500, ಆಮೇಲೆ ಡಿ7500, ಡಿ850 ಇವುಗಳಲ್ಲಿ ಇದೆ. 2014ರ ಡಿ750 ಚೊಕ್ಕ ಫುಲ್ ಫ್ರೇಮ್ ಕ್ಯಾಮೆರಾ, ಈಗ ಅಗ್ಗಕ್ಕೂ ಸಿಗುತ್ತದೆ, ಆದರೆ ಸ್ಥಿರಚಿತ್ರಕ್ಕೆ ಈ ಸೌಲಭ್ಯ ಅದರಲ್ಲಿಲ್ಲ. ಮಿರರ್‌ಲೆಸ್ ಇರುವವರಿಗೆ ಒಂದು ಎಚ್ಚರಿಕೆ: ಇಂಥ ದೀಪದ ಕೆಳಗೆ ಸೈಲೆಂಟ್ ಶಟರ್ ಬಳಸಬೇಡಿ. ಸಾಮಾನ್ಯ ಸೆನ್ಸರ್ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುವುದರಿಂದ ಫೋಟೋದ ಮೇಲೆ ಇಳಕಲ್ ಸೀರೆಯ ಪಟ್ಟಿ ಹಾಗೆ ಅಡ್ಡಗೆರೆ ಬರುತ್ತವೆ. ನಿಮ್ಮ ಆಫೀಸಿನ ಬಾಕ್ಸ್ ಕ್ರಿಕೆಟ್ಟಿನಲ್ಲಿ, ಬ್ಯಾಡ್ಮಿಂಟನ್ ಹಾಲಿನಲ್ಲಿ ಇದನ್ನು ನೋಡಿರುತ್ತೀರಿ, ಕ್ಯಾಮೆರಾ ಕೆಟ್ಟಿದೆ ಅಂದುಕೊಂಡಿರುತ್ತೀರಿ.

ನಮ್ಮೂರಿನವರಿಗೆ ಫ್ಲಿಕರ್ ತಿಳಿಸುವುದು ಬೆಂಗಳೂರಿನವರಿಗಿಂತ ಸುಲಭ. ಯಾಕೆಂದರೆ ತ್ರೀ ಫೇಸ್ ಅಂದರೇನು ಅಂತ ಪಂಪ್‌ಸೆಟ್ ಇರುವ ಪ್ರತಿಯೊಬ್ಬರಿಗೂ ಗೊತ್ತು. ಎಂಟೂ ದೀಪ ಒಂದೇ ಫೇಸಿನ ಮೇಲಿದ್ದರೆ ಎಂಟೂ ಒಟ್ಟಿಗೆ ಇಳಿಯುತ್ತವೆ. ಬೇರೆ ಬೇರೆ ಫೇಸಿಗೆ ಹಂಚಿದರೆ ಒಂದು ಇಳಿಯುವಾಗ ಇನ್ನೊಂದು ಏರಿರುತ್ತದೆ, ಒಟ್ಟು ಬೆಳಕು ಹೆಚ್ಚು ಸಮ. ಇದನ್ನು ಬಲ್ಲ ಲೈನ್‌ಮನ್ನೇ ಮಾಡಬೇಕು, ಕ್ಯಾಮೆರಾ ಹಿಡಿದವರು ವೈರಿಗೆ ಕೈ ಹಾಕಬಾರದು. ಜನರೇಟರ್ ಮೇಲೆ ಓಡಿಸಿದರೆ ಮಾತು ಬೇರೆ. ಅದರ ವೇಗ ಏರಿಳಿದಂತೆ 50 ಹರ್ಟ್ಸ್ ಅನ್ನುವುದೂ ಅಲುಗಾಡುತ್ತದೆ, ಕ್ಯಾಮೆರಾದ ಆಂಟಿ-ಫ್ಲಿಕರಿಗೂ ಲೆಕ್ಕ ತಪ್ಪುತ್ತದೆ.

ಇನ್ನು ಯಾವ ಉದ್ದದ ಲೆನ್ಸು? ಆಟದ ಫೋಟೋ ಅಂದಕೂಡಲೇ ಎಲ್ಲರ ಬಾಯಲ್ಲೂ 70-200 ಎಂಎಂ ಎಫ್ 2.8. ಒಳ್ಳೆಯ ಲೆನ್ಸು, ಕಂಪನಿಯ ಹೊಸದಾದರೆ ಎರಡು ಲಕ್ಷ ದಾಟುತ್ತದೆ, ಕ್ಯಾನನಿನ ಹಳೆಯ ಇಎಫ್ ಮಾದರಿ ಸುಮಾರು ಒಂದೂವರೆ ಕಿಲೋ ತೂಕ. ಕ್ರಿಕೆಟ್ಟಿಗೆ ಅದೂ ಸಾಲದು, ಫುಟ್‌ಬಾಲಿಗೆ ಬೇಕೇಬೇಕು. ಕಬಡ್ಡಿ ಅಂಕಣ ಎಷ್ಟು ದೊಡ್ಡದು? ಗಂಡಸರದು 13 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮೂರಲ್ಲಿ ಜನ ಗೆರೆಗೆ ಅಂಟಿಕೊಂಡೇ ಕೂರುತ್ತಾರೆ. ಹಿಂದಿನ ಗೆರೆಯಿಂದ ಮೂರು ಮೀಟರ್ ಬಿಟ್ಟು ಕೂತರೆ ಹತ್ತಿರದ ಅರ್ಧದ ನಡುಭಾಗ ಆರು ಮೀಟರ್ ಚಿಲ್ಲರೆ, ದೂರದ ಅರ್ಧದ ನಡುಭಾಗ ಹದಿಮೂರಕ್ಕೆ ಸ್ವಲ್ಪ ಕಡಿಮೆ. ಅಳಿಯನದು ಚಿಕ್ಕ ಸೆನ್ಸರ್. ಅದರ ಮೇಲೆ 50 ಎಂಎಂ ಹಾಕಿದರೆ ಆರು ಮೀಟರ್ ದೂರದಲ್ಲಿ ಹೆಚ್ಚುಕಡಿಮೆ 2.8 ಮೀಟರ್ ಅಗಲದ ದೃಶ್ಯ: ರೇಡರ್, ಅವನ ಕಾಲಿಗೆ ಬಿದ್ದವ, ಮೇಲೆ ಹಾರಿದವ, ಮೂವರೂ ಹಿಡಿಸುತ್ತಾರೆ. 85 ಎಂಎಂ ಹಾಕಿದರೆ ದೂರದ ಅರ್ಧದಲ್ಲಿ ಮೂರೂವರೆ ಮೀಟರ್ ಸಿಗುತ್ತದೆ. ಇಷ್ಟಕ್ಕೆ 200 ಎಂಎಂ ಯಾಕೆ?

ಪ್ರೊ ಕಬಡ್ಡಿಯ ಫೋಟೋಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ನೋಡಿ ನಮ್ಮ ಹುಡುಗರು ಕ್ಯಾಮೆರಾ ನಿರ್ಧರಿಸುತ್ತಾರೆ. 2014ರಲ್ಲಿ ಶುರುವಾದ ಆ ಲೀಗ್ ಕಬಡ್ಡಿಗೆ ಟಿವಿ ತಂತು. ಟಿವಿಗೆ ಬೇಕು ಅಂತಲೇ ಮ್ಯಾಟಿನ ಮೇಲೆ ಮೇಲಿನಿಂದ ಸಮವಾಗಿ ಬೆಳಕು ಸುರಿಯುತ್ತಾರೆ. ಕಂಠೀರವ ಒಳಾಂಗಣದಲ್ಲಿ ಬುಲ್ಸ್ ಮ್ಯಾಚ್ ತೆಗೆದ ಅದೇ ಕ್ಯಾಮೆರಾ, ಅದೇ ಲೆನ್ಸನ್ನು ತಂದು ಕಬ್ಬೂರಿನ ಮಣ್ಣಿನ ಅಂಕಣದ ಮುಂದೆ ಇಟ್ಟರೆ ಆ ಫೋಟೋ ಬರುವುದಿಲ್ಲ. ಫೋಟೋದಲ್ಲಿ ಕಾಣುವ ಶ್ರೀಮಂತಿಕೆಯ ಬಹುಪಾಲು ದೀಪದ್ದು. ಬದಲಿಗೆ ಮಣ್ಣಿನ ಅಂಕಣಕ್ಕೆ ತನ್ನದೊಂದು ಸೊಗಸಿದೆ. ಹಿಂದಿನಿಂದ ಬೆಳಕು ಬಿದ್ದಾಗ ಏಳುವ ಧೂಳು ಮ್ಯಾಟಿನ ಮೇಲೆ ಎಲ್ಲಿಂದ ಬರಬೇಕು?

ಎಫ್ 1.8ಕ್ಕೂ ಒಂದು ಬೆಲೆ ಇದೆ, ಅದನ್ನು ಅಳಿಯನಿಗೆ ಮೊದಲೇ ಹೇಳಿದೆ. ಫೋಕಸ್ಸಿನಲ್ಲಿ ಉಳಿಯುವ ಆಳ ತೀರ ಕಡಿಮೆ. ಫುಲ್ ಫ್ರೇಮ್ ಮೇಲೆ 85 ಎಂಎಂ, ಎಫ್ 1.8 ಹಾಕಿದರೆ ಹತ್ತು ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಆಳ ಸಿಗುತ್ತದೆ, ಅದು ಧಾರಾಳ. ಅದೇ ಐದು ಮೀಟರಿಗೆ ಬಂದರೆ ಒಂದಡಿಯ ಮೇಲೆ ಸ್ವಲ್ಪ. ಚಿಕ್ಕ ಸೆನ್ಸರಿನಲ್ಲಿ ಇನ್ನೂ ಕಡಿಮೆ. ರೇಡರ್ ಮುಖಕ್ಕೆ ಹಿಡಿದರೆ ಚಾಚಿದ ಕೈ ಮಸುಕು, ಕೈಗೆ ಹಿಡಿದರೆ ಮುಖ ಮಸುಕು. ಹತ್ತರಲ್ಲಿ ನಾಲ್ಕು ಫ್ರೇಮ್ ಕಸಕ್ಕೆ ಹೋಗುತ್ತವೆ ಅಂತ ಒಪ್ಪಿಕೊಂಡೇ ಕೂರಬೇಕು. ಅದಕ್ಕೇ ಬೆಳಕು ಸಿಕ್ಕಲ್ಲಿ ಎಫ್ 2.2, 2.5 ಅಂತ ಸ್ವಲ್ಪ ಬಾಯಿ ಕಿರಿದು ಮಾಡುವುದು ಒಳ್ಳೆಯದು.

ಕುಸ್ತಿಯದು ಬೇರೆ ಲೆಕ್ಕ. ನಮ್ಮ ಕಡೆಯ ಜಾತ್ರೆ ಕುಸ್ತಿ ಮಧ್ಯಾಹ್ನ ಸಣ್ಣ ಹುಡುಗರಿಂದ ಶುರುವಾಗುತ್ತದೆ, ಒಂದನೇ ನಂಬರಿನ ಜೋಡಿ ಎಲ್ಲಕ್ಕಿಂತ ಕೊನೆಗೆ. ಅಂದರೆ ಸಣ್ಣವರಿಗೆ ಸೂರ್ಯ, ದೊಡ್ಡ ಪೈಲ್ವಾನರಿಗೆ ಹೊತ್ತು ಮುಳುಗಿದ ಮೇಲಿನ ದೀಪ. ನೋಡಬೇಕಾದ ಕುಸ್ತಿ ಕೆಟ್ಟ ಬೆಳಕಿನಲ್ಲೇ ಬರುತ್ತದೆ. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನದಲ್ಲಿ ಸುತ್ತ ಎಲ್ಲಿ ಕೂತರೂ ಕಣ ಕಾಣುತ್ತದೆ. ನಮ್ಮ ಹಳ್ಳಿಗಳಲ್ಲಿ ಜನರ ತಲೆಯ ಸಂದಿನಿಂದ ನೋಡಬೇಕು. ಕಣದ ಅಂಚಿಗೆ ಹೋಗಲು ಪಂಚರು ಬಿಡುವುದಿಲ್ಲ, ಬಿಡಬಾರದು ಕೂಡ. ಹೀಗಾಗಿ ಅಲ್ಲಿ 70-200ಕ್ಕೆ ನಿಜವಾಗಿ ಕೆಲಸವಿದೆ.

ಆದರೆ ಕುಸ್ತಿ ಕಬಡ್ಡಿಯಷ್ಟು ಓಡುವುದಿಲ್ಲ. ಹಿಡಿತ ಬಿದ್ದು ಇಬ್ಬರೂ ಕೊರಳಿಗೆ ಕೊರಳು ಕೊಟ್ಟು ನಿಂತರೆ ಎರಡು ನಿಮಿಷ ಅಲ್ಲೇ. ಅದಕ್ಕೆ 1/200 ಸಾಕು, ಎಫ್ 2.8 ಸಾಕು, ನರ ಉಬ್ಬಿದ್ದು ಮೈಗೆ ಹತ್ತಿದ ಕೆಂಪು ಮಣ್ಣು ಎಲ್ಲ ಬರುತ್ತದೆ. ಘಿಸ್ಸಾ ಎಳೆದು ಚಿತ್ ಮಾಡುವ ಆ ಅರ್ಧ ಸೆಕೆಂಡಿಗೆ ಮಾತ್ರ 1/640 ಬೇಕು. ಅದು ಯಾವಾಗ ಬರುತ್ತದೆ ಅಂತ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಹಲಗಿ ಬಾರಿಸುವವರು ವರ್ಷಗಟ್ಟಲೆ ಕುಸ್ತಿ ನೋಡಿದವರು, ಅವರ ಕೈ ಜೋರಾಯಿತೆಂದರೆ ಬೆರಳು ಗುಂಡಿಯ ಮೇಲಿರಬೇಕು. ಇನ್ನೊಂದು ಮಾತು, ನೀಲಿ ಮಿಶ್ರಿತ ಎಲ್ಇಡಿ ಕೆಳಗೆ ಆ ಕೆಂಪು ಮಣ್ಣು ಸೆಗಣಿ ಬಣ್ಣಕ್ಕೆ ತಿರುಗುತ್ತದೆ. ರಾ ಫೈಲಿನಲ್ಲಿ ತೆಗೆದಿಟ್ಟುಕೊಂಡರೆ ಆಮೇಲೆ ಬಣ್ಣ ತಿದ್ದಬಹುದು. 2023ರಿಂದ ಲೈಟ್‌ರೂಮಿನಲ್ಲಿ ಬಂದ ಡಿನಾಯ್ಸ್ ಸಹ ರಾ ಫೈಲಿನಿಂದಲೇ ಚೆನ್ನಾಗಿ ಕೆಲಸ ಮಾಡುತ್ತದೆ.

ಕೊನೆಗೆ ಏನು ತೆಗೆದುಕೊಂಡೆವು? ಸೆಕೆಂಡ್ ಹ್ಯಾಂಡ್ ಡಿ500 ಬಾಡಿ, 85 ಎಂಎಂ ಎಫ್ 1.8 ಅದೂ ಹಳೆಯದು, 50 ಎಂಎಂ ಎಫ್ 1.8 ಹೊಸದು, ಒಂದು ಹೆಚ್ಚಿನ ಬ್ಯಾಟರಿ, ಎರಡು ವೇಗದ ಎಸ್‌ಡಿ ಕಾರ್ಡು. ಡಿ500 ಸೆಕೆಂಡಿಗೆ 10 ಫ್ರೇಮ್ ಹೊಡೆಯುತ್ತದೆ, 153 ಫೋಕಸ್ ಬಿಂದುಗಳು ಫ್ರೇಮಿನ ಅಗಲಕ್ಕೆಲ್ಲ ಹರಡಿವೆ, ಆಂಟಿ-ಫ್ಲಿಕರ್ ಇದೆ, ಅಳಿಯನ ಹಳೆಯ ಲೆನ್ಸುಗಳೂ ಕೂಡುತ್ತವೆ. ಅದರ ಶಟರನ್ನು ಎರಡು ಲಕ್ಷ ಹೊಡೆತಕ್ಕೆ ಪರೀಕ್ಷಿಸಿರುತ್ತಾರೆ. ಕೊಳ್ಳುವ ಮುನ್ನ ಒಂದು ಫೋಟೋ ತೆಗೆಸಿ ಆ ಫೈಲಿನಿಂದ ಶಟರ್ ಕೌಂಟ್ ನೋಡಿದೆವು, ಟ್ರ್ಯಾಕ್ಟರಿನ ಗಂಟೆ ಮೀಟರ್ ನೋಡಿದ ಹಾಗೆ. ಎಲ್ಲ ಸೇರಿ ಲಕ್ಷದ ಒಳಗೆ ಬಂತು. ಉಳಿದದ್ದು ಅಕ್ಕನ ಕೈಗೆ ವಾಪಸ್.

ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಅನ್ನುವವರಿದ್ದಾರೆ, ನಿಜ. ನಿಕಾನ್ ಡಿ6, ಕ್ಯಾನನ್ 1ಡಿಎಕ್ಸ್ ಮಾರ್ಕ್ 3 ಎರಡೂ 2020ರವು, ಆಮೇಲೆ ಆ ಸಾಲಿನಲ್ಲಿ ಹೊಸದು ಬಂದಿಲ್ಲ. ಮಾರುಕಟ್ಟೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಸರಕು ಅಗ್ಗವಾಗಿರುವುದೂ ಅದಕ್ಕೇ. ಸಂಬಳದವರು, ಈಗಷ್ಟೇ ಶುರು ಮಾಡುವವರು ಮಿರರ್‌ಲೆಸ್ಸಿಗೇ ಹೋಗಿ. ಕ್ಯಾನನ್ ಆರ್6, ನಿಕಾನ್ ಜೆಡ್6 2, ಸೋನಿ ಎ7 3 ಇಂಥವು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ. ಕಣ್ಣು, ಮುಖ ಗುರುತಿಸಿ ಹಿಂಬಾಲಿಸುವ ಫೋಕಸ್ ನಿಜಕ್ಕೂ ದೊಡ್ಡ ಅನುಕೂಲ. ಆದರೆ ಬಜೆಟ್ಟಿನಲ್ಲಿ ಒಂದು 85 ಎಫ್ 1.8ಕ್ಕೆ ಜಾಗ ಉಳಿಯದಿದ್ದರೆ ಬಾಡಿಯನ್ನೇ ಒಂದು ಮೆಟ್ಟಿಲು ಇಳಿಸಿ.

ದುಡ್ಡಿಲ್ಲದೆ ಸಿಕ್ಕ ಒಂದು ಸ್ಟಾಪಿನ ಕತೆ ಹೇಳಬೇಕು. ಅಳತೆ ಮಾಡುವಾಗ ಅಳಿಯ ದೀಪದ ಕಂಬಗಳನ್ನೂ ನೋಡಿಕೊಂಡು ಬಂದಿದ್ದ. ಜನ ಕೂರಲಿ ಅಂತ ಕಂಬಗಳನ್ನು ದೂರ ನೆಟ್ಟಿದ್ದರು. ದೀಪದಿಂದ ಅಂಕಣದ ನಡುವಿಗೆ ಸುಮಾರು 14 ಮೀಟರ್. ಬೆಳಕು ದೂರದ ವರ್ಗಕ್ಕೆ ತಕ್ಕ ಹಾಗೆ ಕಡಿಮೆಯಾಗುತ್ತದೆ ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬಂತು. 14ನ್ನು 10ಕ್ಕೆ ತಂದರೆ ಬೆಳಕು ಎರಡು ಪಟ್ಟು. ಪೂರ್ತಿ ಒಂದು ಸ್ಟಾಪ್. ಎಫ್ 2.8 ಇಂದ ಎಫ್ 2ಕ್ಕೆ ಹೋದಷ್ಟು.

ಪಂಚರಿಗೆ ಒಂದು ಸ್ಟಾಪ್ ಅಂದರೆ ಏನೂ ಆಗುವುದಿಲ್ಲ. ಅಳಿಯ ಬೇರೆ ರೀತಿ ಮಾತಾಡಿದ. “ಕಾಕಾ, ಕಂಬ ಒಂದೀಟ ಒಳಗ ತೊಗೊಂಡ್ರ ಬೋನಸ್ ಗೆರಿ ಛಂದ ಕಾಣತೈತ್ರಿ, ಜಗಳ ಕಡಿಮಿ ಆಗತಾವ.” ಕಂಬ ಒಳಗೆ ಬಂದವು. ಒಬ್ಬ ರೇಡರ್ ತಕರಾರು ತೆಗೆದ, ದೀಪ ಕಣ್ಣಿಗೆ ಹೊಡಿತೈತಿ ಅಂತ. ಅವನದೂ ಸರಿ. ಆಟಗಾರನ ಕಣ್ಣು ಕುಕ್ಕುವ ಬೆಳಕಿನಲ್ಲಿ ಫೋಟೋ ಎಷ್ಟು ಚೆಂದ ಬಂದರೇನು. ಕಂಬಕ್ಕೆ ಪೈಪು ಸೇರಿಸಿ ದೀಪ ಮೇಲೆ ಏರಿಸಿ, ಮುಖ ಕೆಳಗೆ ಬಾಗಿಸಿದರು. ಮೇಲೆ ಏರಿಸಿದ್ದಕ್ಕೆ ಬೆಳಕು ಚೂರು ಕಡಿಮೆಯಾಯಿತು, ಆದರೆ ಮೂಲೆಯ ಕತ್ತಲೆ ಹೋಯಿತು.

ಆ ಟೂರ್ನಿಯ ಫೋಟೋಗಳು ಐಎಸ್‌ಒ 2000, 2500ರಲ್ಲಿ ಬಂದವು, 1/640ರಲ್ಲಿ. ಎಲ್ಲಿ ಬಳಸಿದರು ಅಂದರೆ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಮತ್ತು ಮುಂದಿನ ಮ್ಯಾಚಿನ ಫ್ಲೆಕ್ಸಿಗೆ. ಸ್ಟೇಟಸ್ಸಿನಲ್ಲಿ ಅಂಗೈಯಷ್ಟು, ಫ್ಲೆಕ್ಸಿನಲ್ಲಿ ಹತ್ತಡಿ, ಆದರೆ ಅದನ್ನು ರಸ್ತೆಯ ಆಚೆಯಿಂದ ನೋಡುವುದು. ಎರಡರಲ್ಲೂ ಕಾಳು ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನೂರು ಪರ್ಸೆಂಟ್ ಹಿಗ್ಗಿಸಿ ಕೊರಗುವುದು ನಮ್ಮಂಥವರ ಚಟ.

ಎಲ್ಲಕ್ಕಿಂತ ಹೆಚ್ಚು ಓಡಾಡಿದ ಫೋಟೋದಲ್ಲಿ ರೇಡರ್ ಬೆನ್ನು ಮಾಡಿದ್ದಾನೆ. 85ರಲ್ಲಿ, ದೂರದ ಅರ್ಧದಲ್ಲಿ ತೆಗೆದದ್ದು. ಕಾಣುವುದು ಎಡ ಮೂಲೆಯ ಕ್ಯಾಚರ್, ಎರಡೂ ಕೈಯಲ್ಲಿ ಪಾದ ಹಿಡಿದು ಹಲ್ಲು ಕಚ್ಚಿದ್ದಾನೆ, ಗಲ್ಲದ ಅರ್ಧ ಮಣ್ಣು. ಮೂಲೆಯಲ್ಲಿ ಆಡುವವರನ್ನು ಯಾರೂ ಫೋಟೋ ತೆಗೆಯುವುದಿಲ್ಲ, ಎಲ್ಲರಿಗೂ ರೇಡರ್ ಬೇಕು. ಆ ಹುಡುಗ ಆರು ವರ್ಷದಿಂದ ಆಡುತ್ತಿದ್ದಾನೆ, ಹಗಲು ಕಬ್ಬು ಕಡಿಸುವ ಗ್ಯಾಂಗಿನ ಲೆಕ್ಕ ಬರೆಯುತ್ತಾನೆ. ಅವರ ಅವ್ವ ಫೋಟೋ ನೋಡಿ ಮೊದಲು ಕೇಳಿದ್ದು, “ಇಷ್ಟ ಜೋರ ಬೀಳ್ತೀಯೇನೋ ನೀ?” ಅಂತ. ರಾತ್ರಿ ಮ್ಯಾಚಿಗೆ ಆಕೆ ಒಮ್ಮೆಯೂ ಬಂದಿರಲಿಲ್ಲ.

ಮೊನ್ನೆ ಅಳಿಯ ಮತ್ತೆ ಫೋನ್ ಮಾಡಿದ್ದ. ಜಾತ್ರೆ ಕುಸ್ತಿ ಹತ್ತಿರ ಬಂದಿದೆ, ಬೆಳಗಾವಿಯಲ್ಲಿ 70-200 ಬಾಡಿಗೆಗೆ ಸಿಗುತ್ತದಾ, ಎರಡು ದಿನಕ್ಕೆ ಎಷ್ಟು ಕೇಳುತ್ತಾರೆ ಅಂತ. ಕೇಳಿ ಹೇಳ್ತೀನಿ ಅಂದೆ. ಅಷ್ಟರೊಳಗೆ ಹೋಗಿ ಕಣದ ಸುತ್ತ ದೀಪ ಎಲ್ಲೆಲ್ಲಿ ಕಟ್ಟುತ್ತಾರೆ ಅಂತ ಅಳತೆ ಮಾಡಿಕೊಂಡು ಬಾ ಅಂತಲೂ ಅಂದೆ. ಅವನು ಅದನ್ನು ಮುಗಿಸಿಯೇ ಫೋನ್ ಮಾಡಿದ್ದ.